ತಲೆದೂಗಿದ ತಪ್ಪಿಗೆ

ಹಾಡು ಚೆನ್ನಾಗಿದ್ದರೆ ನಾವು ತಲೆದೂಗುತ್ತೇವೆ. ಹಾಡುವವರು ಅದನ್ನು ನೋಡಿ ಇನ್ನೊಂದು ಸಂಗತಿ ಹಾಕುತ್ತಾರೆ. ಇದರಿಂದ ಯಾರ ಜೇಬಿಗೂ ಕತ್ತರಿ ಬಿದ್ದದ್ದು ನಾನು ಕೇಳಿಲ್ಲ. ನನ್ನ ಜೇಬಿಗೆ ಬಿತ್ತು. ಬಿದ್ದದ್ದು ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ, ಲಾ ಬೋಕಾ ಅನ್ನೋ ಬಡಾವಣೆಯ ಕಾಮಿನಿತೋ ಬೀದಿಯಲ್ಲಿ.

ಮಗಳಿಗೆ ಆ ಊರಿನಲ್ಲಿ ಒಂದು ವರ್ಷದ ಕೆಲಸ. 'ಬಂದು ಹೋಗಿ' ಅಂದಳು, ಹೋದೆವು. ನವೆಂಬರ್ ತಿಂಗಳು. ರಸ್ತೆಗಳ ತುಂಬ ಜಕರಂಡಾ ಹೂವು. ಬೆಂಗಳೂರಿನಲ್ಲಿ ಮಾರ್ಚ್ ಹೊತ್ತಿಗೆ ಕಾಣುವ ಅದೇ ನೇರಳೆ. 'ಅಯ್ಯೋ, ನಮ್ಮ ಮರ!' ಎಂದು ನನ್ನ ಹೆಂಡತಿ ಸಂಭ್ರಮಪಟ್ಟಳು. ಅದು ಅವರದ್ದೇ ಖಂಡದ ಮರ, ನಾವು ತಂದು ನೆಟ್ಟುಕೊಂಡದ್ದು ಎಂದು ಹೇಳಿದೆ. ಇಂಥ ವಿಷಯ ಹೇಳಿದಾಗ ಅವಳು ಯಾವತ್ತೂ ತಲೆದೂಗಿದವಳಲ್ಲ.

ಕಾಮಿನಿತೋಗೆ ಹೋಗುತ್ತೇವೆ ಅಂದಾಗ ಮಗಳ ಸಹೋದ್ಯೋಗಿಗಳು ಮುಖ ಕಿವುಚಿದರಂತೆ. 'ಅದು ಟೂರಿಸ್ಟುಗಳ ಜಾಗ, ನಿಜವಾದ ಟ್ಯಾಂಗೋ ಅಲ್ಲಿಲ್ಲ' ಅಂದರಂತೆ. ಟ್ಯಾಂಗೋ ಅಂದರೆ ಆ ಊರಿನ ಜೋಡಿ ಕುಣಿತ, ಅದರ ಹಾಡಿಗೂ ಅದೇ ಹೆಸರು. 'ಸಂಜೆಯೊಳಗೆ ಬಂದುಬಿಡಿ, ಬಣ್ಣ ಮುಗಿದ ಕಡೆಯಿಂದ ಮುಂದಕ್ಕೆ ಕಾಲಿಡಬೇಡಿ' ಅಂತಲೂ ಹೇಳಿ ಕಳಿಸಿದರು. ಬಣ್ಣ ಮುಗಿಯುವುದು ಅಂದರೆ ಏನು ಅಂತ ಹೋದ ಮೇಲೇ ಗೊತ್ತಾಯಿತು. ಬೀದಿಯ ಉದ್ದ ಸುಮಾರು 150 ಮೀಟರ್, ಅಷ್ಟೇ. ಗಾಡಿಗಳಿಲ್ಲ. ಎರಡೂ ಕಡೆ ಸುಕ್ಕುಸುಕ್ಕು ತಗಡಿನ ಮನೆಗಳು. ಒಂದರ ಗೋಡೆ ಹಳದಿ, ಬಾಗಿಲು ಕೆಂಪು, ಕಿಟಕಿ ನೀಲಿ. ಪಕ್ಕದ್ದು ಹಸಿರು, ಅದರ ಮೆಟ್ಟಿಲು ಕಿತ್ತಳೆ. ಬಾಲ್ಕನಿಗಳಿಂದ ಮರಡೋನಾನ ದೊಡ್ಡ ಗೊಂಬೆಗಳು ಕೈಬೀಸುತ್ತಿದ್ದವು. ಮೂಲೆ ದಾಟಿ ನಾಲ್ಕು ಹೆಜ್ಜೆ ನಡೆದರೆ ಮಾಮೂಲಿ ಬೂದು ಗೋಡೆ, ಒಣಗಲು ಹಾಕಿದ ಬಟ್ಟೆ, ಬಿಸಿಲಿಗೆ ಮಲಗಿದ ನಾಯಿ.

ಇಷ್ಟೊಂದು ಬಣ್ಣ ಯಾಕೆ? ಬೋಕಾ ಅಂದರೆ ಬಾಯಿ. ರಿಯಾಚುಯೆಲೋ ಅನ್ನೋ ಹೊಳೆಯ ಬಾಯಿ ಅದು, ಹಳೇ ಬಂದರು. ಹತ್ತೊಂಬತ್ತನೇ ಶತಮಾನದಲ್ಲಿ ಇಟಲಿಯ ಜಿನೋವಾ ಕಡೆಯಿಂದ ಬಂದ ಬಡವರು ಇಲ್ಲಿ ತಗಡು, ಹಲಗೆ ಸೇರಿಸಿ ವಠಾರ ಕಟ್ಟಿಕೊಂಡರು. ಹಡಗಿಗೆ ಬಳಿದು ಉಳಿದ ಬಣ್ಣ ತಂದು ಮನೆಗೆ ಬಳಿದರು ಅಂತ ಹೇಳುತ್ತಾರೆ. ಉಳಿದ ಬಣ್ಣ ಪೂರ್ತಿ ಗೋಡೆಗೆ ಎಲ್ಲಿ ಸಾಕಾಗುತ್ತೆ? ಹಾಗಾಗಿ ಬಾಗಿಲಿಗೊಂದು, ಕಿಟಕಿಗೊಂದು. ನನಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ನಮ್ಮ ಮನೆಯಲ್ಲಿ ಗೇಟಿಗೆ ಬಳಿದು ಉಳಿದ ಹಸಿರನ್ನು ಅಪ್ಪ ಸ್ಟೂಲಿಗೆ ಬಳಿದರು, ಆಮೇಲೆ ಸೈಕಲ್ ಕ್ಯಾರಿಯರ್‌ಗೆ, ಡಬ್ಬದ ತಳ ಕೆರೆದು ಕೊನೆಗೆ ಒಂದು ಕೊಡೆಯ ಹಿಡಿಗೆ. ಆ ಕೊಡೆ ಹಿಡಿದವರ ಅಂಗೈ ಎರಡು ಮಳೆಗಾಲ ಹಸಿರಾಗಿತ್ತು.

ಈಗಿನ ಬಣ್ಣ ಮಾತ್ರ ಉಳಿದದ್ದಲ್ಲ, ಬೇಕಂತಲೇ ಬಳಿದದ್ದು. ಇಲ್ಲೊಂದು ರೈಲು ಹಳಿ ಇತ್ತು. 1954ರಲ್ಲಿ ರೈಲು ನಿಂತಿತು, ಜಾಗ ಕಸದ ಗುಂಡಿಯಾಯಿತು. ಆಗ ಅದಕ್ಕೆ ಗಂಟು ಬಿದ್ದವರು ಬೆನಿತೋ ಕಿಂಕೆಲಾ ಮಾರ್ತಿನ್ ಎಂಬ ಚಿತ್ರಕಾರ. ಅನಾಥಾಲಯದ ಬಾಗಿಲಲ್ಲಿ ಸಿಕ್ಕಿದ ಮಗು ಅವರು. ಸಾಕಿದ ಅಪ್ಪನ ಜೊತೆ ಇದೇ ಬಂದರಿನಲ್ಲಿ ಇದ್ದಿಲು ಹೊತ್ತರು, ಮುಂದೆ ಇದೇ ಬಂದರನ್ನು ಚಿತ್ರಿಸಿ ಹೆಸರಾದರು. ಕಸ ತೆಗೆಸಿ, ಗೋಡೆಗಳಿಗೆ ಬಣ್ಣ ಹೊಡೆಸಿ, 1959ರಲ್ಲಿ ಇದು ಬಯಲು ಮ್ಯೂಸಿಯಂ ಆಗುವಂತೆ ಮಾಡಿದರು. 1977ರಲ್ಲಿ ತೀರಿಕೊಂಡಾಗ ಅವರನ್ನು ಮಣ್ಣು ಮಾಡಿದ್ದು ಅವರೇ ಬಣ್ಣ ಬಳಿದಿಟ್ಟುಕೊಂಡಿದ್ದ ಪೆಟ್ಟಿಗೆಯಲ್ಲಂತೆ. ನಮ್ಮಪ್ಪನ ಪಂಗಡದವರೇ, ಆದರೆ ಸ್ವಲ್ಪ ಜಾಸ್ತಿ ಆಯಿತು.

ಬೀದಿಗೆ ಹೆಸರು ಬಂದದ್ದು 1926ರ ಒಂದು ಟ್ಯಾಂಗೋ ಹಾಡಿನಿಂದ. ಕಾಮಿನಿತೋ ಅಂದರೆ ಪುಟ್ಟ ದಾರಿ. ರಾಗ ಹಾಕಿದ ಹ್ವಾನ್ ದೆ ದಿಯೋಸ್ ಫಿಲಿಬರ್ತೋ ಲಾ ಬೋಕಾದವರು. ಪದ ಬರೆದವರ ಮನಸ್ಸಿನಲ್ಲಿದ್ದದ್ದು ಮಾತ್ರ ದೂರದ ಲಾ ರಿಯೋಹಾ ಪ್ರಾಂತ್ಯದ ಒಂದು ಕಾಲುದಾರಿಯಂತೆ. ಅಂದರೆ ಈ ಬೀದಿಯ ಹೆಸರೂ ಬೇರೆ ದಾರಿಯದ್ದು. ನಿಜವಾದ ಟ್ಯಾಂಗೋ ಇಲ್ಲಿಲ್ಲ ಅಂದವರು ಇದನ್ನೂ ಹೇಳಬಹುದಿತ್ತು, ಪಾಪ ಮರೆತಿರಬೇಕು.

ಮೂಲೆಯ ಒಂದು ಹೋಟೆಲಿನ ಮುಂದೆ ಕಾಫಿ ತಗೊಂಡು ಕೂತೆವು. ಎದುರಿಗೆ ಎರಡು ಮಂಚದಷ್ಟು ಅಗಲದ ಪ್ಲೈವುಡ್ ಹಲಗೆ. ಅದೇ ವೇದಿಕೆ. ಒಂದು ಸ್ಪೀಕರ್, ಅದರಲ್ಲಿ ಬಂದೋನಿಯೋನ್ ನುಡಿಯುತ್ತಿತ್ತು. ನಮ್ಮ ಹಾರ್ಮೋನಿಯಂನ ಅಣ್ಣನಂಥ ವಾದ್ಯ, ಅಲ್ಲಿಗೆ ಜರ್ಮನಿಯಿಂದ ವಲಸೆ ಬಂದದ್ದು. ಕಪ್ಪು ಸೂಟಿನ ಗಂಡಸು, ಕೆಂಪು ಉಡುಪಿನ ಹೆಂಗಸು ಮೇಲೆ ಬಂದರು. ಇಬ್ಬರಿಗೂ ನಲವತ್ತರ ಆಸುಪಾಸು.

ನನ್ನ ಕುರ್ಚಿ ಹಲಗೆಗೆ ತೀರಾ ಹತ್ತಿರ, ಹಾಗಾಗಿ ನೋಡಿದ್ದೆಲ್ಲ ಕಾಲು. ಟ್ಯಾಂಗೋ ಅಂದರೆ ಕಾಲು ಎತ್ತಿ ಎಸೆಯುವುದು ಅಂದುಕೊಂಡಿದ್ದೆ. ಅದೂ ಇತ್ತು, ಮೊಬೈಲುಗಳು ಮೇಲೆದ್ದದ್ದು ಆಗಲೇ. ಆದರೆ ಚೆನ್ನಾಗಿದ್ದದ್ದು ಅದಲ್ಲ. ಆಕೆ ಒಂದು ಪಾದದ ಮೇಲೆ ತಿರುಗಿ ಹೆಜ್ಜೆ ಇಟ್ಟು, ಇನ್ನೊಂದರ ಮೇಲೆ ತಿರುಗಿ ಹೆಜ್ಜೆ ಇಟ್ಟು, ನೆಲದ ಮೇಲೆ ನಿಧಾನವಾಗಿ ಎಂಟು ಬರೆದಳು. ಓಚೋ ಅನ್ನುತ್ತಾರೆ, ಎಂಟು ಅಂತಲೇ ಅರ್ಥ. ಅವನು ಆಕೆಯನ್ನು ತಳ್ಳಲಿಲ್ಲ, ಎಳೆಯಲಿಲ್ಲ. ಅವನ ಎದೆ ಒಂದಿಷ್ಟು ಆ ಕಡೆ ತಿರುಗಿತು, ಅಷ್ಟಕ್ಕೆ ಆಕೆಯ ಪಾದ ತಿರುಗಿತು. ಹಲಗೆಯಲ್ಲಿ ಒಂದು ಮೊಳೆ ತಲೆ ಎತ್ತಿತ್ತು. ಕಣ್ಣು ಮುಚ್ಚಿಕೊಂಡೇ ಇದ್ದ ಆಕೆ ಪ್ರತಿ ಸಲವೂ ಅದರಿಂದ ಎರಡು ಬೆರಳು ಈಚೆ ತಿರುಗಿದಳು. ಅವನಿಗೆ ಮೊಳೆ ಗೊತ್ತಿತ್ತು, ಆಕೆಗೆ ಅವನು ಗೊತ್ತಿದ್ದ.

ನನಗೆ ಗೊತ್ತಿಲ್ಲದೆಯೇ ನನ್ನ ತಲೆ ತೂಗತೊಡಗಿತು. ಆ ಕಡೆ, ಈ ಕಡೆ, ಭಲೇ ಭಲೇ.

ಇಲ್ಲೊಂದು ವಿಷಯ ಹೇಳಬೇಕು. ಬ್ಯೂನಸ್ ಐರಿಸ್‌ನಲ್ಲಿ ಜನ ತಾವೇ ಕುಣಿಯಲು ಸೇರುವ ಕೂಟಕ್ಕೆ ಮಿಲೋಂಗಾ ಅನ್ನುತ್ತಾರೆ. ಅಲ್ಲಿ ಗಂಡಸು ಎದ್ದು ಹೋಗಿ 'ನನ್ನ ಜೊತೆ ಕುಣಿಯುತ್ತೀರಾ' ಎಂದು ಕೇಳುವ ರೂಢಿ ಇಲ್ಲ. ಕೂತಲ್ಲಿಂದಲೇ ಕಣ್ಣು ಕೂಡಿಸಿ ಸಣ್ಣಗೆ ತಲೆಯಾಡಿಸುತ್ತಾನೆ. ಅದಕ್ಕೆ ಕಬೆಸೇಯೋ ಎಂದು ಹೆಸರು. ಇಷ್ಟವಿದ್ದರೆ ಆಕೆಯೂ ತಲೆಯಾಡಿಸುತ್ತಾಳೆ, ಇಲ್ಲದಿದ್ದರೆ ಬೇರೆ ಕಡೆ ನೋಡುತ್ತಾಳೆ. ಮಾನ ಯಾರದ್ದೂ ಹೋಗುವುದಿಲ್ಲ. ನಮ್ಮಲ್ಲಿ ಹೆಣ್ಣು ನೋಡಿ, ಉಪ್ಪಿಟ್ಟು ತಿಂದು, 'ಊರಿಗೆ ಹೋಗಿ ಕಾಗದ ಬರೀತೀವಿ' ಅನ್ನುವುದಕ್ಕಿಂತ ಎಷ್ಟೋ ಮೇಲು, ಅಲ್ವಾ?

ಇದೆಲ್ಲ ಮಗಳು ನನಗೆ ಹೇಳಿದ್ದು ಆಮೇಲೆ. ಹಾಡು ಮುಗಿಯಿತು. ಆಕೆ ಕಣ್ಣು ಬಿಟ್ಟಳು. ಎದುರಿಗೆ ಒಬ್ಬ ಮನುಷ್ಯ ಇನ್ನೂ ತಲೆಯಾಡಿಸುತ್ತಲೇ ಇದ್ದಾನೆ. ನೇರ ಬಂದು ಕೈ ಹಿಡಿದಳು. ಎಲ್ಲಿಂದಲೋ ಒಂದು ಕಪ್ಪು ಹ್ಯಾಟು ಬಂದು ನನ್ನ ಬೋಳುತಲೆ ಮೇಲೆ ಕೂತಿತು, ಕೊರಳಿಗೆ ಬಿಳಿ ಶಾಲು ಬಿತ್ತು. ಬೇಡ ಅನ್ನಲು ಮತ್ತೆ ತಲೆಯನ್ನೇ ಆಡಿಸಿದೆ. ನಮ್ಮ 'ಬೇಡ'ಕ್ಕೂ 'ಆಗಲಿ'ಗೂ ಇರುವ ವ್ಯತ್ಯಾಸ ನಮ್ಮವರಿಗೇ ಸರಿಯಾಗಿ ತಿಳಿಯುವುದಿಲ್ಲ, ಅರ್ಜೆಂಟೀನಾದವರಿಗೆ ಎಲ್ಲಿ ತಿಳಿಯಬೇಕು! ಆಕೆ ನನ್ನ ಒಂದು ಕೈಯನ್ನು ತನ್ನ ಬೆನ್ನಿಗಿಟ್ಟುಕೊಂಡು, ಇನ್ನೊಂದನ್ನು ಚಾಚಿಸಿ, ತನ್ನ ಕಾಲನ್ನು ಎತ್ತಿ ನನ್ನ ಮೊಣಕಾಲಿಗೆ ಬಳ್ಳಿಯ ಹಾಗೆ ಸುತ್ತಿದಳು. ಅದು ಆಪರೇಷನ್ ಆದ ಮೊಣಕಾಲು.

'ಅಪ್ಪಾ, ಸೀರಿಯಸ್ ಆಗಿರು, ಟ್ಯಾಂಗೋದಲ್ಲಿ ನಗಬಾರದು' ಎಂದು ಮಗಳು ಕ್ಲಿಕ್ಕಿಸಿದಳು. ನಾನು ನಗುತ್ತಿರಲಿಲ್ಲ. ಅದು ನೋವು. ಮೂರು ಫೋಟೋಕ್ಕೆ ಕೊಟ್ಟ ಪೆಸೋಗಳಲ್ಲಿ ಮೂವರ ಊಟ ಆಗುತ್ತಿತ್ತು. ಹೆಂಡತಿ ಸುಮ್ನೆ ಕಾಫಿ ಕುಡಿಯುತ್ತಿದ್ದಳು. ಆ ಸುಮ್ಮನಿರುವಿಕೆಯ ಬೆಲೆ ಬೇರೆ.

ಹೊರಡುವಾಗ ಮೂರು ಗಂಟೆ. ಹಲಗೆ ಖಾಲಿ. ಅವರಿಬ್ಬರೂ ಹೋಟೆಲಿನ ಹಿಂದಿನ ಮೇಜಿನಲ್ಲಿ ಕೂತು ಬ್ರೆಡ್ಡಿನೊಳಗೆ ಇಟ್ಟ ಏನನ್ನೋ ತಿನ್ನುತ್ತಿದ್ದರು. ಮಾತಿಲ್ಲ. ಆಕೆ ಹಿಮ್ಮಡದ ಬೂಟು ಬಿಚ್ಚಿಟ್ಟು ಬರಿಗಾಲನ್ನು ಎದುರಿನ ಕುರ್ಚಿಗೆ ಚಾಚಿದ್ದಳು. ಕಿರುಬೆರಳಿಗೆ ಬ್ಯಾಂಡೇಜ್. ಪಾದದ ಮೇಲೆ ಬೂಟಿನ ಪಟ್ಟಿ ಒತ್ತಿದ ಕೆಂಪು ಗೆರೆ. ನನ್ನ ಅಮ್ಮ ಮದುವೆಮನೆಯ ಅಡುಗೆ ಮುಗಿಸಿ ಬಂದು ಹೀಗೇ ಕಾಲು ಚಾಚುತ್ತಿದ್ದಳು, ಹೀಗೇ ಹೆಬ್ಬೆರಳಿನಿಂದ ಅಂಗಾಲು ಒತ್ತಿಕೊಳ್ಳುತ್ತಿದ್ದಳು. ಆ ಸಹೋದ್ಯೋಗಿಗಳು ಬಂದು ಈ ಕಾಲನ್ನು ಒಮ್ಮೆ ನೋಡಬೇಕಿತ್ತು ಅನ್ನಿಸಿತು.

ಅಷ್ಟರಲ್ಲಿ ಟೂರಿಸ್ಟ್ ಬಸ್ಸೊಂದು ಬಂದು ನಿಂತು ಜನರನ್ನು ಇಳಿಸಿತು. ಅವನು ಬಾಯಿ ಒರೆಸಿಕೊಂಡ. ಆಕೆಯ ಕಡೆ ನೋಡಿ ತಲೆಯನ್ನು ಒಂದು ನೂಲಿನಷ್ಟು ಕೆಳಗೆ ಮಾಡಿದ. ಆಕೆ ಒಂದು ಗಳಿಗೆ ಬೇರೆ ಕಡೆ ನೋಡಿದಳು. ಆಮೇಲೆ ತಾನೂ ಅಷ್ಟೇ ತಲೆಯಾಡಿಸಿ, ಬಗ್ಗಿ ಬೂಟಿನ ಪಟ್ಟಿ ಬಿಗಿದುಕೊಂಡಳು.

ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಸ್ಪೀಕರ್ ಶುರುವಾಯಿತು.

'ನಡೀರಿ,' ಎಂದು ಹೆಂಡತಿ ತೋಳು ಹಿಡಿದಳು. 'ತಲೆ ನೆಟ್ಟಗಿಟ್ಟುಕೊಂಡು ನಡೀರಿ.'