ದೋಷ ಕಡಿಮೆ ಬಂದ ಮಾತ್ರಕ್ಕೆ ಜೋಡಣೆ ಸರಿಯಾಗಲ್ಲ

ಒಂದೇ ವಸ್ತುವಿನ ಮೇಲ್ಮೈಯನ್ನು ಬಿಂದುಗಳಾಗಿ ಅಳೆದ ಎರಡು 3ಡಿ ಸ್ಕ್ಯಾನ್‌ಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸುವುದೇ ಜೋಡಣೆ. ಅವುಗಳ ನಡುವಿನ ಸರಾಸರಿ ದೂರ, ಅಂದರೆ ದೋಷ, ಕಡಿಮೆಯಾದರೆ ಜೋಡಣೆ ಸರಿಯಾಗಿದೆ ಎಂದು ಈ ವಿಷಯದ ಲೇಖನವೊಂದು ಹೇಳುತ್ತದೆ. ಇದನ್ನು ನಾನು ಒಪ್ಪುವುದಿಲ್ಲ. ಸಂಶೋಧಕರಾದ ಬೆಸ್ಲ್ ಮತ್ತು ಮೆಕೇ 1992ರಲ್ಲಿ ವಿವರಿಸಿದ ಐಸಿಪಿ (ಒಂದು ಸ್ಕ್ಯಾನನ್ನು ಸುತ್ತು ಸುತ್ತಾಗಿ ಇನ್ನೊಂದರ ಹತ್ತಿರ ಸರಿಸುತ್ತಾ ಹೋಗುವ) ವಿಧಾನ ಪ್ರತಿ ಸುತ್ತಿನಲ್ಲೂ ಹತ್ತಿರದ ಬಿಂದುವನ್ನೇ ಜೋಡಿ ಅಂದುಕೊಳ್ಳುತ್ತದೆ. ಅದು ನಿಜವಾದ ಜೋಡಿಯೇ ಅಂತ ನೋಡುವುದಿಲ್ಲ.

ನುಣುಪಾದ ಪೈಪಿನ ಎರಡು ಸ್ಕ್ಯಾನ್ ತಗೊಳ್ಳಿ. ಒಂದನ್ನು ಅಕ್ಷದ ಸುತ್ತ ತಿರುಗಿಸಿ, ಉದ್ದಕ್ಕೆ ಸ್ವಲ್ಪ ಜಾರಿಸಿ. ಮೇಲ್ಮೈಗಳು ಅಂಟಿಕೊಂಡೇ ಇರುತ್ತವೆ, ದೋಷ ಸೊನ್ನೆಯ ಹತ್ತಿರವೇ ಇರುತ್ತದೆ. ಆದರೆ ಪೈಪಿನ ಮೇಲೆ ಬರೆದ ಗುರುತು ಎಲ್ಲೋ ಹೋಗಿರುತ್ತದೆ! ಚಪ್ಪಟೆ ಗೋಡೆಯದ್ದೂ ಇದೇ ಪಾಡು. ಆರಂಭದ ಸ್ಥಾನ ತುಂಬಾ ತಪ್ಪಿದ್ದರಂತೂ ಐಸಿಪಿ ತಪ್ಪು ಜಾಗದಲ್ಲೇ ನಿಂತುಬಿಡುತ್ತದೆ. ಅದಕ್ಕೇ ಅಲ್ವಾ ಮೊದಲು, ಕೆಲವೇ ಬಿಂದುಗಳನ್ನು ಯಾದೃಚ್ಛಿಕವಾಗಿ ಆರಿಸುತ್ತಾ ಹೆಚ್ಚು ಬಿಂದುಗಳಿಗೆ ಒಪ್ಪುವ ಹೊಂದಿಕೆಯನ್ನು ಹುಡುಕುವ ರ‍್ಯಾನ್‌ಸ್ಯಾಕ್‌ನಂಥ ವಿಧಾನದಿಂದ ಒರಟಾಗಿ ಹೊಂದಿಸಿಕೊಳ್ಳುವುದು?

ಸ್ಕ್ಯಾನ್ ಬದಲು ಎರಡು ಚಿತ್ರಗಳಿದ್ದು, ಒಂದನ್ನು ಬಾಗಿಸಿ ಇನ್ನೊಂದಕ್ಕೆ ಹೊಂದಿಸುವಾಗ ಅಪಾಯ ಇನ್ನೂ ಜಾಸ್ತಿ. ಬಾಗಲು ಸಾಕಷ್ಟು ಸ್ವಾತಂತ್ರ್ಯ ಕೊಟ್ಟರೆ ಸಂಬಂಧವೇ ಇಲ್ಲದ ಎರಡು ಚಿತ್ರಗಳೂ ಹೊಂದಿಕೊಂಡಂತೆ ಕಾಣುತ್ತವೆ. ಹಾಗಾಗಿ ಜೋಡಣೆಗೆ ಬಳಸದ ಕೆಲವು ಗುರುತುಗಳನ್ನು ಬೇರೆ ಇಟ್ಟುಕೊಂಡು, ಅವು ಎಷ್ಟು ದೂರ ಬಿದ್ದಿವೆ ಎಂದು ಅಳೆಯಬೇಕು. ಲೇಖಕರು ದಯವಿಟ್ಟು ಈ ಪರೀಕ್ಷೆಯನ್ನೂ ಲೇಖನಕ್ಕೆ ಸೇರಿಸಲಿ.