ತಿರಸ್ಕೃತರಾಗುವುದಕ್ಕೂ ಅರ್ಹತೆ ಬೇಕು

ಕಾಲೇಜು ಸೇರುವ ಹದಿನೆಂಟರ ಹುಡುಗನಿಗೆ ಸಾಲ ಕೊಡುವಾಗ, ಅದನ್ನು ತೀರಿಸುವ ಶಕ್ತಿ ಅವನಿಗಿದೆಯೇ ಎಂದು ಅಮೆರಿಕದ ಕೇಂದ್ರ ಸರ್ಕಾರ ಕೇಳುವುದಿಲ್ಲ. ಆ ಕುತೂಹಲವನ್ನೆಲ್ಲ ಅದು ಸಾಲಮನ್ನಾದ ಅರ್ಜಿ ಬರುವ ದಿನಕ್ಕಾಗಿ ಕೂಡಿಟ್ಟುಕೊಂಡಿರುತ್ತದೆ.

2007ರಲ್ಲಿ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಸಹಿ ಹಾಕಿದ ಕಾಯ್ದೆಯೊಂದು, ಶಿಕ್ಷಕರು, ದಾದಿಯರು, ಸರ್ಕಾರಿ ನೌಕರರು ಮುಂತಾಗಿ ಸಾರ್ವಜನಿಕ ಸೇವೆಯಲ್ಲಿರುವವರು 120 ಕಂತುಗಳನ್ನು ಕಟ್ಟಿದರೆ ಉಳಿದ ಸಾಲ ಮನ್ನಾ ಎಂದು ಭರವಸೆ ಕೊಟ್ಟಿತು. ತಿಂಗಳಿಗೊಂದರಂತೆ ಹತ್ತು ವರ್ಷ ಕಂತು ಕಟ್ಟಿದ ಮೊದಲ ತಂಡ 2017ರ ಅಕ್ಟೋಬರ್‌ನಲ್ಲಿ ಅರ್ಜಿ ಹಿಡಿದು ಬಂದು ನಿಂತಿತು. ಆರಂಭದ ಅವಧಿಯಲ್ಲಿ ಪರಿಶೀಲಿಸಿದ ಅರ್ಜಿಗಳಲ್ಲಿ ನೂರಕ್ಕೆ ಸುಮಾರು 99 ತಿರಸ್ಕೃತವಾದವು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಪೂಜಾರಿ ವರವನ್ನು ತಡೆಯಲಿಲ್ಲ, ಭಕ್ತನ ಪ್ರದಕ್ಷಿಣೆಗಳನ್ನು ಎಣಿಸುತ್ತಾ ಕುಳಿತ, ಅಷ್ಟೆ.

ಆ ಎಣಿಕೆಯ ಶಾಸ್ತ್ರ ಬಲು ಸೂಕ್ಷ್ಮವಾದದ್ದು. ಸರ್ಕಾರವೇ ಖಾತರಿ ನಿಂತಿದ್ದರೂ ಸಾಲದ ಹಣ ಬ್ಯಾಂಕಿನಿಂದ ಬಂದಿದ್ದರೆ, ಅದನ್ನು ಹೊಸ ಸಾಲವಾಗಿ ಪರಿವರ್ತಿಸಿಕೊಳ್ಳುವವರೆಗೆ ಕಟ್ಟಿದ ಕಂತು ಲೆಕ್ಕಕ್ಕಿಲ್ಲ. ಮರುಪಾವತಿಯ ಯೋಜನೆ ತಪ್ಪಾಗಿ ಆಯ್ಕೆಯಾಗಿದ್ದರೂ ಲೆಕ್ಕಕ್ಕಿಲ್ಲ. ಗಡುವು ಕಳೆದು ಹದಿನೈದು ದಿನಗಳೊಳಗೆ ಕಂತು ಪೂರ್ತಿಯಾಗಿ ಸೇರಬೇಕಿತ್ತು. ಕೆಲವು ಸೆಂಟ್ ಕಡಿಮೆಯಾಗಿದ್ದರೂ ಆ ತಿಂಗಳ ಪುಣ್ಯ ಪೂರ್ತಿ ನಷ್ಟ. ಇದಕ್ಕೆ ಹೆದರಿ ಮುಂದಿನ ತಿಂಗಳ ಹಣವನ್ನೂ ಸೇರಿಸಿ ಕಟ್ಟಿದವನ ಪಾಡು ಇನ್ನೂ ರಸವತ್ತಾದದ್ದು: ಅವನಿಗೆ ಮುಂಗಡ ಪಾವತಿದಾರನೆಂಬ ಬಿರುದು ಸಿಗುತ್ತಿತ್ತು, ಬಿರುದಿನ ಫಲವಾಗಿ ಮುಂದಿನ ತಿಂಗಳು ಅವನು ಕಟ್ಟಬೇಕಾದ ಬಾಕಿ ಸೊನ್ನೆಯಾಗುತ್ತಿತ್ತು, ಬಾಕಿಯೇ ಇಲ್ಲದ ತಿಂಗಳಲ್ಲಿ ಕಟ್ಟಿದ್ದು ಕಂತು ಹೇಗಾದೀತು ಎಂಬ ತರ್ಕದ ಮೇಲೆ ಆ ತಿಂಗಳು ಎಣಿಕೆಯಿಂದ ಬಿದ್ದುಹೋಗುತ್ತಿತ್ತು.

ಗಲಾಟೆ ಹೆಚ್ಚಾದಾಗ 2018ರಲ್ಲಿ ಅಮೆರಿಕದ ಸಂಸತ್ತು, ಮರುಪಾವತಿಯ ಯೋಜನೆ ತಪ್ಪಿದ್ದರಿಂದ ಹೊರಗುಳಿದವರಿಗಾಗಿ 35 ಕೋಟಿ ಡಾಲರ್ ಎತ್ತಿಟ್ಟು ಮತ್ತೊಂದು ಯೋಜನೆ ತಂದಿತು. ಮೊದಲ ಒಂದು ವರ್ಷದಲ್ಲಿ ಬಂದ ಸುಮಾರು 54,000 ಕೋರಿಕೆಗಳಲ್ಲಿ 661 ಮಂಜೂರಾದವು ಎಂದು ಸಂಸತ್ತಿನದೇ ಲೆಕ್ಕ ತಪಾಸಣಾ ಸಂಸ್ಥೆ 2019ರಲ್ಲಿ ವರದಿ ಕೊಟ್ಟಿತು. ತಿರಸ್ಕಾರಗಳಲ್ಲಿ ನೂರಕ್ಕೆ 71ರ ಕಾರಣವನ್ನು ನಿಧಾನವಾಗಿ ಓದಿಕೊಳ್ಳಬೇಕು: ಈ ಅರ್ಜಿದಾರರು ಮೂಲ ಯೋಜನೆಗೆ ಅರ್ಜಿ ಹಾಕಿರಲಿಲ್ಲ. ಅಂದರೆ, ಸಿಗುವುದಿಲ್ಲವೆಂದು ಮೊದಲೇ ತಿಳಿದಿದ್ದ ಯೋಜನೆಗೆ ಅರ್ಜಿ ಹಾಕಿ, ಅಲ್ಲಿಂದ ಕ್ರಮಬದ್ಧವಾಗಿ ತಿರಸ್ಕೃತರಾಗಿ ಬರಬೇಕಿತ್ತು. ಹಿಂಬರಹ ಪಡೆಯುವುದಕ್ಕೂ ಹಿಂಬರಹ ಬೇಕೆನ್ನುವ ಈ ಪದ್ಧತಿಯನ್ನು ಕಂಡಿದ್ದರೆ ನಮ್ಮ ತಾಲ್ಲೂಕು ಕಚೇರಿಗಳ ಹಳೆಯ ಗುಮಾಸ್ತರು ಎದ್ದು ನಿಂತು ನಮಸ್ಕರಿಸುತ್ತಿದ್ದರು.

2021ರಲ್ಲಿ ನಿಯಮಗಳನ್ನು ಸಡಿಲಿಸಲಾಯಿತು, 2024ರ ಹೊತ್ತಿಗೆ ಮನ್ನಾ ಪಡೆದವರು ಹತ್ತು ಲಕ್ಷ ದಾಟಿದರು. ಅದೇ ಶಿಕ್ಷಕಿ, ಅದೇ ಶಾಲೆ, ಅದೇ ಕಂತು. ಬದಲಾದದ್ದು ಲೆಕ್ಕದ ಪುಸ್ತಕದವರ ಕನ್ನಡಕವೊಂದೇ.

ಸೇವೆಯ ದಾರಿ ಬೇಡವೆಂದರೆ ದಿವಾಳಿಯ ದಾರಿಯಿದೆ. ಜೂಜಿನ ಸಾಲವನ್ನೂ ಕ್ರೆಡಿಟ್ ಕಾರ್ಡಿನ ಸಾಲವನ್ನೂ ಸಾಮಾನ್ಯವಾಗಿ ತೊಳೆದುಬಿಡುವ ದಿವಾಳಿ ನ್ಯಾಯಾಲಯ, ಓದಿಗಾಗಿ ಮಾಡಿದ ಸಾಲ ಎಂದೊಡನೆ ಕೈ ಹಿಂತೆಗೆಯುತ್ತದೆ. ಇಂಥ ಸಾಲಕ್ಕೆ 1976ರಲ್ಲಿ ಐದು ವರ್ಷಗಳ ಕಾಯುವಿಕೆ ವಿಧಿಸಿದ್ದರು, 1990ರಲ್ಲಿ ಅದು ಏಳಾಯಿತು, 1998ರಲ್ಲಿ ಕಾಯುವುದರಿಂದ ಪ್ರಯೋಜನವೇ ಇಲ್ಲವೆಂದು ಗಡುವನ್ನೇ ತೆಗೆದರು. ಉಳಿದದ್ದು ‘ಅತಿಯಾದ ಸಂಕಷ್ಟ’ವನ್ನು ಸಾಬೀತುಪಡಿಸುವ ಒಂದೇ ಹಾದಿ. ಇಂದು ಬಡತನವಿದ್ದರೆ ಸಾಲದು, ಮುಂದೆಯೂ ಇದ್ದೇ ಇರುತ್ತದೆಂದು ತೋರಿಸಬೇಕು. ಹಲವು ನ್ಯಾಯಾಧೀಶರು ಇದನ್ನು ‘ಹತಾಶೆಯ ಖಚಿತತೆ’ ಎಂದೇ ಕರೆದಿದ್ದಾರೆ. ಇದಕ್ಕೆ ಪ್ರತ್ಯೇಕ ದಾವೆ ಹೂಡಬೇಕು, ದಾವೆಗೆ ವಕೀಲರು ಬೇಕು, ವಕೀಲರಿಗೆ ಶುಲ್ಕ ಬೇಕು. ಗೆಲ್ಲುವ ಭರವಸೆಯಿಂದ ನ್ಯಾಯಾಲಯದ ಮೆಟ್ಟಿಲು ಹತ್ತಿದವನು ಹತಾಶನೆಂದು ಯಾರು ನಂಬಬೇಕು?

ಸಂಪೂರ್ಣ ಮತ್ತು ಶಾಶ್ವತ ಅಂಗವೈಕಲ್ಯದ ಕಾರಣಕ್ಕೆ ಮನ್ನಾ ಪಡೆದವರಲ್ಲಿ ಅನೇಕರು ಮತ್ತೆ ಮೂರು ವರ್ಷ ವರಮಾನದ ಕಾಗದ ಕಳಿಸುತ್ತಿರಬೇಕೆಂಬ ನಿಯಮ ಬಹುಕಾಲ ಇತ್ತು. ಶಾಶ್ವತವಾದದ್ದು ಶಾಶ್ವತವೇ ಎಂದು ಪರೀಕ್ಷಿಸಲು ಅಷ್ಟು ಕಾಲವಾದರೂ ಬೇಡವೇ? ಹೀಗೆ ಸಾಲ ಮರಳಿ ಹೆಗಲೇರಿದ ಪ್ರಕರಣಗಳಲ್ಲಿ ನೂರಕ್ಕೆ 98ರಲ್ಲಿ ಕಾರಣ ಕಾಗದ ಬಾರದಿದ್ದದ್ದು ಎಂದು ಅದೇ ತಪಾಸಣಾ ಸಂಸ್ಥೆ 2016ರಲ್ಲಿ ಕಂಡುಕೊಂಡಿತು.

ಸಾಲಗಾರ ಸತ್ತರೆ ಮಾತ್ರ ಯಾವ ತಕರಾರೂ ಇಲ್ಲ. ಮರಣ ಪ್ರಮಾಣಪತ್ರ ತಲುಪಿದರೆ ಕೇಂದ್ರ ಸರ್ಕಾರದ ಸಾಲ ರದ್ದಾಗುತ್ತದೆ. ಅದನ್ನು ತಲುಪಿಸುವ ಕೆಲಸದಿಂದ ಅರ್ಜಿದಾರನಿಗೆ, ಮೊದಲ ಬಾರಿಗೆ, ವಿನಾಯಿತಿಯಿದೆ.