ನಾನ್‌ಜಿಂಗ್ ರಸ್ತೆಯಲ್ಲಿ ನಮ್ಮತ್ತೆ

ನಮ್ಮತ್ತೆಯ ಪ್ರಕಾರ ಯಾವ ಊರಿಗೆ ಹೋದರೂ ನೋಡಬೇಕಾದ್ದು ಎರಡೇ. ಒಂದು ದೇವಸ್ಥಾನ, ಇನ್ನೊಂದು ಪೇಟೆ. ಈ ವಿಷಯದಲ್ಲಿ ಶಾಂಘೈ ತುಂಬಾ ಅನುಕೂಲದ ಊರು. ಜಿಂಗ್‌ಆನ್ ಅನ್ನೋ ಬುದ್ಧನ ದೇವಸ್ಥಾನ ಇರುವುದೂ ನಾನ್‌ಜಿಂಗ್ ರಸ್ತೆಯಲ್ಲೇ, ಊರಿನ ಹೆಸರಾಂತ ಹಳೇ ಪೇಟೆ ಇರುವುದೂ ನಾನ್‌ಜಿಂಗ್ ರಸ್ತೆಯಲ್ಲೇ. ಕೈ ಮುಗಿದು ಹಾಗೇ ಮುಂದಕ್ಕೆ ಹೋದರಾಯಿತು.

ತೊಂದರೆ ಏನೆಂದರೆ ಈ ರಸ್ತೆಯ ಉದ್ದ ಸುಮಾರು ಐದೂವರೆ ಕಿಲೋಮೀಟರು. ಪಶ್ಚಿಮ ನಾನ್‌ಜಿಂಗ್ ರಸ್ತೆ ಅಂತ ಒಂದು ಭಾಗ, ಪೂರ್ವ ನಾನ್‌ಜಿಂಗ್ ರಸ್ತೆ ಅಂತ ಇನ್ನೊಂದು. ಮೆಟ್ರೋದ ಎರಡನೇ ಲೈನಿನಲ್ಲಿ ಎರಡಕ್ಕೂ ಬೇರೆ ಬೇರೆ ಸ್ಟೇಷನ್ನು. ಶನಿವಾರವೂ ಮೀಟಿಂಗ್ ಇಟ್ಟುಕೊಂಡಿದ್ದ ನಮ್ಮ ಯಜಮಾನರು ಬಾಗಿಲು ದಾಟುತ್ತಾ ಹೇಳಿದ್ದು ಇಷ್ಟೇ: "ನಾನ್‌ಜಿಂಗ್ ರೋಡ್ ಸ್ಟೇಷನ್ನಲ್ಲಿ ಇಳ್ಕೊಳ್ಳಿ, ಎದುರಿಗೇ ಪೇಟೆ." ದೇವಸ್ಥಾನದಿಂದ ಮೆಟ್ರೋ ಹತ್ತಿದ ನಾವು ಮೊದಲು ಸಿಕ್ಕ ನಾನ್‌ಜಿಂಗ್ ರೋಡಿನಲ್ಲಿ ಇಳಿದೆವು. ಅದು ಪಶ್ಚಿಮದ್ದು. ಎದುರಿಗೆ ಇದ್ದಿದ್ದು ಬರೀ ಗಾಜಿನ ಅಂಗಡಿಗಳು. ಅತ್ತೆ ಒಂದರೊಳಗೆ ಹೋಗಿ, ಕೈಚೀಲವೊಂದರ ಬೆಲೆಚೀಟಿ ತಿರುಗಿಸಿ, ಸೊನ್ನೆಗಳನ್ನು ಎಣಿಸಿ, ಹೋದಷ್ಟೇ ಬೇಗ ಹೊರಗೆ ಬಂದರು. "ಇದು ಪೇಟೆ ಅಲ್ಲ ಕಣೇ."

ಯಜಮಾನರಿಗೆ ಫೋನ್ ಮಾಡೋಣವೆಂದರೆ ಚೀನಾದಲ್ಲಿ ವಾಟ್ಸ್ಆ್ಯಪ್ ನಡೆಯುವುದಿಲ್ಲ. ಗೂಗಲ್ಲೂ ಅಷ್ಟೇ. ಪೂರ್ವದ ಕಡೆ ಮುಖ ಮಾಡಿ ನಡೆದೆವು.

ಅರ್ಧ ದಾರಿಯಲ್ಲಿ ಕಂದು ಬಣ್ಣದ ಎತ್ತರದ ಕಟ್ಟಡ ಬರುತ್ತದೆ. ಪಾರ್ಕ್ ಹೋಟೆಲ್. 1934ರಲ್ಲಿ ಶುರುವಾದಾಗ ಏಷ್ಯಾದಲ್ಲೇ ಅಷ್ಟು ಎತ್ತರದ್ದು ಇರಲಿಲ್ಲವಂತೆ. ಈಗ ಜನ ಅದನ್ನು ತಲೆಯೆತ್ತಿ ನೋಡುವುದಿಲ್ಲ, ಹಿಂಬದಿಯ ಬೇಕರಿಗೆ ಸಾಲು ನಿಲ್ಲುತ್ತಾರೆ. ಚಿಟ್ಟೆ ಆಕಾರದ, ಪದರ ಪದರದ, ಸಕ್ಕರೆ ಉದುರುವ ಬಿಸ್ಕೆಟ್ಟು. ಸಾಲು ಕಂಡಲ್ಲಿ ನಿಲ್ಲುವುದು ಅತ್ತೆಗೆ ರೇಷನ್ ಅಂಗಡಿ ಕಾಲದಿಂದ ಬಂದ ಅಭ್ಯಾಸ. ಏನು ಕೊಡ್ತಾರೆ ಅನ್ನುವುದು ಆಮೇಲಿನ ವಿಚಾರ. ನಿಂತೆವು, ತಗೊಂಡೆವು. ಅದರ ಪುಡಿ ಆಮೇಲೆ ಇಡೀ ದಿನ ಅತ್ತೆಯ ಸೆರಗಿನಲ್ಲಿತ್ತು.

ಹೋಟೆಲಿನ ಎದುರಿಗೆ ಪೀಪಲ್ಸ್ ಪಾರ್ಕ್. ಊರಿನ ಈ ಭಾಗ ಬ್ರಿಟಿಷರ ಹಿಡಿತದಲ್ಲಿದ್ದ ಕಾಲದಲ್ಲಿ ಅದು ರೇಸ್ ಕೋರ್ಸು. ಈಗ ಶನಿವಾರ, ಭಾನುವಾರ ಅಲ್ಲಿ ಬೇರೆ ತರಹದ ಓಟ. ಬಿಚ್ಚಿಟ್ಟ ಕೊಡೆಗಳು ದಾರಿಯುದ್ದಕ್ಕೂ ಕೂತಿರುತ್ತವೆ. ಕೊಡೆಯ ಮೇಲೆ ಒಂದು ಕಾಗದ. ಪಕ್ಕದಲ್ಲಿ ಒಬ್ಬ ಅಪ್ಪನೋ ಅಮ್ಮನೋ. ಮದುವೆಯಾಗದ ಮಕ್ಕಳ ಜಾತಕ ಅದು. ಮಕ್ಕಳು ಮಾತ್ರ ಈ ಕಡೆ ತಲೆ ಹಾಕುವುದು ಕಡಿಮೆ.

ನನಗೆ ಇದನ್ನೆಲ್ಲ ಮೊಬೈಲಿನಲ್ಲಿ ಅನುವಾದ ಮಾಡಿ ಅರ್ಥ ಮಾಡಿಕೊಳ್ಳಬೇಕಿತ್ತು. ಅತ್ತೆಗೆ ಬೇಕಾಗಲಿಲ್ಲ. ಚೀನೀ ಅಕ್ಷರ ಬಾರದಿದ್ದರೇನು, ಅಂಕಿ ಬರುತ್ತದಲ್ಲ. "1991. ಹುಟ್ಟಿದ ವರ್ಷ. 1.63 ಎತ್ತರ. ಇದು ಸಂಬಳ ಇರಬೇಕು, ಅಲ್ವಾ?" ಅಂತ ಒಂದೊಂದೇ ಕೊಡೆ ಓದುತ್ತಾ ಹೋದರು. ಒಂದು ನೀಲಿ ಕೊಡೆಯ ಹತ್ತಿರ ಕೂತಿದ್ದ ಅಜ್ಜ ಗಿರಾಕಿ ಬಂತು ಅಂತ ಎದ್ದು ನಿಂತ. ಅತ್ತೆಯನ್ನು ನೋಡಿದ, ನನ್ನನ್ನು ನೋಡಿದ, ಏನೋ ಕೇಳಿದ. ಅತ್ತೆ ನಮ್ಮ ಕಡೆಯವರ ಹಾಗೆ ತಲೆ ಅಲ್ಲಾಡಿಸಿದರು. ಅದು ಹೌದೂ ಅಲ್ಲ, ಇಲ್ಲವೂ ಅಲ್ಲ. ಅಜ್ಜ ಅದನ್ನು ಹೌದು ಅಂತ ತಿಳಿದು ಜೇಬಿನಿಂದ ಮಗನ ಫೋಟೋ ತೆಗೆದು ನನ್ನ ಕೈಗೆ ಕೊಟ್ಟ. ನಾನು ತಾಳಿ ಹೊರಗೆಳೆದು ತೋರಿಸಿದೆ. ಶಾಂಘೈನ ಅಜ್ಜನಿಗೆ ತಾಳಿ ಏನು ಗೊತ್ತು? ಬಂಗಾರ ಚೆನ್ನಾಗಿದೆ ಅನ್ನುವಂತೆ ಹೆಬ್ಬೆರಳು ಎತ್ತಿದ. ಅತ್ತೆ ಇನ್ನೂ ಕೊಡೆ ಓದುತ್ತಿದ್ದರು. "ಸಂಬಳ ನಮ್ಮ ಹುಡುಗನಿಗಿಂತ ಚೆನ್ನಾಗಿದೆ ಕಣೇ." ಇದನ್ನು ಹೇಳಿದ್ದು ಸೊಸೆಗೆ!

ಅಲ್ಲಿಂದ ಅವರನ್ನು ಹೊರಡಿಸಿಕೊಂಡು ಹೋಗಿ ಶಿಜಾಂಗ್ ರಸ್ತೆ ದಾಟಿದ ಮೇಲೆ ನಿಜವಾದ ಪೇಟೆ ಶುರುವಾಯಿತು. 1999ರಿಂದ ಇಲ್ಲಿ ವಾಹನಗಳಿಗೆ ಜಾಗವಿಲ್ಲ. ಕಾಲು ನೋಯುವವರಿಗೆ ಮಕ್ಕಳ ಆಟಿಕೆಯಂಥ ಒಂದು ರೈಲು ಓಡಾಡುತ್ತದೆ, ಅಷ್ಟೇ. ಮೂಲೆಯ ದೊಡ್ಡ ಕಟ್ಟಡ ಈಗಿನ ನಂಬರ್ ಒನ್ ಡಿಪಾರ್ಟ್‌ಮೆಂಟ್ ಸ್ಟೋರ್. 1936ರಲ್ಲಿ ಅದು ಬೇರೆ ಹೆಸರಿನಲ್ಲಿ ತೆರೆದಾಗ ಒಳಗೆ ಎಸ್ಕಲೇಟರ್ ಇತ್ತು. ಅದು ಆಗ ಚೀನಾಕ್ಕೇ ಹೊಸದು. ಏನೂ ಕೊಳ್ಳದೆ ಸುಮ್ನೆ ಹತ್ತಿ ಇಳಿಯಲು ಜನ ಬರುತ್ತಿದ್ದರಂತೆ. ಅತ್ತೆ ಈಗಿನ ಎಸ್ಕಲೇಟರಿನ ಮುಂದೆ ನೆರಿಗೆ ಹಿಡಿದು ನಿಂತರು. ಒಂದು ಮೆಟ್ಟಿಲು ಬಿಟ್ಟರು, ಇನ್ನೊಂದು ಬಿಟ್ಟರು, ಕೊಡಚಾದ್ರಿ ಹತ್ತುವವರ ಹಾಗೆ ಉಸಿರು ಎಳೆದುಕೊಂಡರು. ಹಿಂದೆ ಜನ ಸೇರಿತು. ಕೊನೆಗೆ "ಕೆಳಗಿನದೇ ನೋಡೋಣ, ಮೇಲೆ ಜಾಸ್ತಿ ರೇಟು ಇರುತ್ತೆ" ಅಂದರು.

ಮುಂದೆ ಒಂದು ಅಂಗಡಿಯಲ್ಲಿ ರೇಷ್ಮೆ ಸ್ಕಾರ್ಫ್ ಹಿಡಿಸಿತು. ಹುಡುಗಿ ಕ್ಯಾಲ್ಕುಲೇಟರಿನಲ್ಲಿ 380 ಒತ್ತಿ ತೋರಿಸಿದಳು. ಅತ್ತೆ ಅದನ್ನು ಕೈಗೆ ತಗೊಂಡು 150 ಒತ್ತಿದರು. ಹುಡುಗಿ ನಕ್ಕು 380 ಒತ್ತಿದಳು. ಅತ್ತೆ 160. ಹುಡುಗಿ 380. ಆ ಕ್ಯಾಲ್ಕುಲೇಟರಿನ ಮೂರರ ಗುಂಡಿ ಸವೆದುಹೋಗಿತ್ತು, ಪಾಪ ಅವಳು ಎರಡು ಸಲ ಒತ್ತಬೇಕಿತ್ತು. ಅತ್ತೆ ಚಿಕ್ಕಪೇಟೆಯ ಕೊನೇ ಅಸ್ತ್ರ ತೆಗೆದರು. ಸ್ಕಾರ್ಫ್ ಕೆಳಗಿಟ್ಟು ಹೊರಟೇಬಿಟ್ಟರು. ಹೊರಡುವುದಕ್ಕೂ ಒಂದು ಲೆಕ್ಕವಿದೆ. ಕರೆದರೆ ಕೇಳಿಸುವಷ್ಟು ನಿಧಾನಕ್ಕೆ ನಡೆಯಬೇಕು. ಯಾರೂ ಕರೆಯಲಿಲ್ಲ. ಕರೆಯುವ ರಸ್ತೆಯೇ ಅಲ್ಲ ಅದು. 1917ರಲ್ಲಿ ಇಲ್ಲಿ ಸಿನ್ಸಿಯರ್ ಅಂಗಡಿ ಬಂತು. ಅದರ ಹಿಂದಿದ್ದವರು ಆಸ್ಟ್ರೇಲಿಯಾದಲ್ಲಿ ದುಡಿದು ಬಂದ ಚೀನೀಯರು. ಚೌಕಾಸಿ ಇಲ್ಲ, ಎಲ್ಲರಿಗೂ ಒಂದೇ ಬೆಲೆ ಅನ್ನುವುದೇ ಅವರ ಹೆಚ್ಚುಗಾರಿಕೆ. ಮಾರನೇ ವರ್ಷ ಅದರ ಪೈಪೋಟಿಗೆ ವಿಂಗ್ ಆನ್ ಬಂತು. ಅಂದರೆ ಅತ್ತೆ ನೂರು ವರ್ಷ ತಡ.

ಅತ್ತೆ ಕಂಬದ ಮರೆಯಲ್ಲಿ ಚಪ್ಪಲಿ ಸರಿಮಾಡಿಕೊಳ್ಳುತ್ತಾ ಹೇಳಿದರು: "ನೀನೇ ಹೋಗಿ ತಗೊಂಡು ಬಾ. ನಾನು ಹೋದರೆ ಮರ್ಯಾದೆ ಪ್ರಶ್ನೆ." ಹೋದೆ. ಹುಡುಗಿ ತಾನಾಗಿಯೇ 342 ಒತ್ತಿದಳು. ಅವತ್ತು ಎಲ್ಲದಕ್ಕೂ ಹತ್ತು ಪರ್ಸೆಂಟ್ ಕಡಿತವಿತ್ತು, ಅವಳ ತಲೆಯ ಮೇಲೇ ಬೋರ್ಡು ನೇತಾಡುತ್ತಿತ್ತು. "ನೋಡಿದ್ಯಾ? ನಾನು ಎದ್ದು ಬಂದಿದ್ದಕ್ಕೆ ಇಳಿಸಿದಳು" ಅಂದರು ಅತ್ತೆ. ಬೋರ್ಡಿನ ಸುದ್ದಿ ನಾನು ಎತ್ತಲಿಲ್ಲ. ಮನೆಯಲ್ಲಿ ನೆಮ್ಮದಿ ಮುಖ್ಯ.

ಆ ಉತ್ಸಾಹದಲ್ಲಿ ಅತ್ತೆ ಒಂದು ಅಡ್ಡರಸ್ತೆಯನ್ನು ಕೆಂಪು ದೀಪದಲ್ಲೇ ದಾಟಲು ಹೋದರು. ಕಾವಲಿಗೆ ನಿಂತಿದ್ದವನು ಸೀಟಿ ಊದಿದ. ಅತ್ತೆ ಮುಂದೆ, ಸೀಟಿ ಹಿಂದೆ. ಹಿಂದಕ್ಕೆ ಎಳೆದುಕೊಂಡು ಬಂದು, ಸಮಾಧಾನಕ್ಕೆ ಒಂದು ವಿಷಯ ಹೇಳಿದೆ: ಬ್ರಿಟಿಷರಿದ್ದಾಗ ಈ ರಸ್ತೆಯಲ್ಲಿ ಟ್ರಾಫಿಕ್ ನೋಡಿಕೊಳ್ಳುತ್ತಿದ್ದವರು ಇಂಡಿಯಾದಿಂದ ಕರೆತಂದ, ಪೇಟ ಕಟ್ಟಿದ ಸಿಖ್ ಪೊಲೀಸರು. ಮುಂಬಯಿಯಲ್ಲಿ ಬೆಳೆದು ಬಂದ ಹಾರ್ಡೂನ್ ಅನ್ನೋ ಸಾಹುಕಾರ ತನ್ನ ಖರ್ಚಿನಲ್ಲಿ ಈ ರಸ್ತೆಗೆ ಗಟ್ಟಿ ಮರದ ತುಂಡುಗಳನ್ನು ಹಾಸಿಸಿದ್ದ. "ಸ್ವಂತ ದುಡ್ಡಲ್ಲಿ ರಸ್ತೇನಾ? ನಮ್ಮೂರಿನ ಕಂಟ್ರಾಕ್ಟರಿಗೆ ಹೇಳಬೇಡ, ಎದೆ ಒಡ್ಕೋತಾನೆ" ಅಂದರು.

ರಸ್ತೆಯ ಪೂರ್ವದ ತುದಿಯಲ್ಲಿರುವ ಹುವಾಂಗ್‌ಪು ಹೊಳೆಯ ದಂಡೆ ಇನ್ನೇನು ಬಂತು ಅನ್ನುವಷ್ಟರಲ್ಲಿ ಒಂದು ಹುಡುಗ, ಒಂದು ಹುಡುಗಿ ನಗುತ್ತಾ ಬಂದರು. ಅಚ್ಚುಕಟ್ಟಾದ ಇಂಗ್ಲಿಷು. ಸೀರೆ ಎಷ್ಟು ಚೆಂದ, ನಾವು ವಿದ್ಯಾರ್ಥಿಗಳು, ಇಲ್ಲೇ ಹತ್ತಿರ ಚೀನಾದ ಸಾಂಪ್ರದಾಯಿಕ ಟೀ ಇದೆ, ಬನ್ನಿ. ಈ ರಸ್ತೆಯ ಟೀ ವಿಷಯ ನಾನು ಓದಿದ್ದೆ. ಬೆರಳುದ್ದದ ಲೋಟದಲ್ಲಿ ನಾಲ್ಕು ತರಹದ ಟೀ ಕುಡಿಸಿ, ಆಮೇಲೆ ಸಾವಿರಾರು ಯುವಾನಿನ ಬಿಲ್ಲು ಮುಂದಿಡುತ್ತಾರೆ. ನಾನು ಬೇಡ ಅನ್ನುವ ಮೊದಲೇ ಅತ್ತೆ ಕೇಳಿದರು: "ಏನಂತೆ?"

"ಟೀ ಕುಡಿಯೋಕೆ ಕರೀತಿದ್ದಾರೆ ಅತ್ತೆ."

"ಎಷ್ಟಂತೆ ಕೇಳು."

ಕೇಳಿದೆ. ತುಂಬಾ ಕಡಿಮೆ, ಅಂದಳು ಹುಡುಗಿ. ಅತ್ತೆ ನನ್ನ ಮೊಬೈಲ್ ಕಿತ್ತುಕೊಂಡು, ಕ್ಯಾಲ್ಕುಲೇಟರ್ ತೆಗೆಸಿ, ಅವಳ ಮೂಗಿನ ಮುಂದೆ ಹಿಡಿದರು. ಹುಡುಗಿ ಹುಡುಗನ ಮುಖ ನೋಡಿದಳು. ಹುಡುಗ ಆಕಾಶ ನೋಡಿದ. ಅತ್ತೆ ತಾವೇ 5 ಒತ್ತಿ ತೋರಿಸಿದರು. ಹುಡುಗಿಯ ನಗು ಸ್ವಲ್ಪ ಕಮ್ಮಿಯಾಯಿತು. ಅತ್ತೆ ಉದಾರವಾಗಿ 6 ಒತ್ತಿದರು. ಅಷ್ಟರಲ್ಲಿ ಹುಡುಗನಿಗೆ ಎಲ್ಲಿಂದಲೋ ಫೋನ್ ಬಂತು, ಇಬ್ಬರೂ ಜನರ ನಡುವೆ ಮಾಯವಾದರು.

ಅತ್ತೆ ಅವರು ಹೋದ ದಿಕ್ಕನ್ನೇ ನೋಡುತ್ತಾ ನಿಂತರು. "ಹುಡುಗಿ ಲಕ್ಷಣವಾಗಿದ್ದಳು ಕಣೇ. ಹುಟ್ಟಿದ ವರ್ಷ ಕೇಳಿದ್ದರೆ, ಆ ನೀಲಿ ಕೊಡೆ ಅಜ್ಜನಿಗೆ ಹೇಳಬಹುದಿತ್ತು."